ಪುಟ್ಟ ಟ್ಯಾಂಕ್ ಎಂಜಿನ್ ಎದುರು ನಿಂತಾಗ ಏನೇನು ನೋಡಬೇಕು

ಬ್ರಿಟನ್ನಿನ ಪಾರಂಪರಿಕ ರೈಲುಮಾರ್ಗಗಳಿಗೆ ಹೋಗುವ ನಮ್ಮವರು ಸಾಮಾನ್ಯವಾಗಿ ದೊಡ್ಡ ಎಂಜಿನ್ನುಗಳ ಮುಂದೆಯೇ ಗುಂಪುಗೂಡುತ್ತಾರೆ. ಆಳೆತ್ತರದ ಗಾಲಿ, ಉದ್ದನೆಯ ಬಾಯ್ಲರ್, ಹಿಂದೆ ಕಲ್ಲಿದ್ದಲು ತುಂಬಿದ ಟೆಂಡರ್ ಇದ್ದರೆ ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಪಕ್ಕದ ಹಳಿಯಲ್ಲಿ ಎರಡು ಬೋಗಿ ಹಿಡಿದು ನಿಂತ ಕುಳ್ಳ ಎಂಜಿನ್ ಮಾತ್ರ ಮಕ್ಕಳ ಪಾಲಿಗೆ ಬಿಟ್ಟದ್ದು. ಇದು ತಲೆಕೆಳಗಾದ ಕ್ರಮ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಎಂಜಿನ್ನಿನ ಕುರಿತ ಮಾತೆಲ್ಲ ಸುತ್ತಿ ಬಳಸಿ ವೇಗಕ್ಕೇ ಬಂದು ನಿಲ್ಲುತ್ತದೆ. ಪುಟ್ಟ ಟ್ಯಾಂಕ್ ಎಂಜಿನ್ನಿನ ಒಂದೊಂದು ಅಳತೆಯ ಹಿಂದೆಯೂ ಯಾವುದೋ ಒಂದು ಊರಿನ ಹಳಿ ಇರುತ್ತದೆ. ಭಾರ ತಾಳದ ಮರದ ಸೇತುವೆ, ಬಿಗಿಯಾದ ತಿರುವು, ಬೆರಳೆಣಿಕೆಯ ಪ್ರಯಾಣಿಕರು, ಎಂಜಿನ್ ತಿರುಗಿಸಲು ಜಾಗವಿಲ್ಲದ ಕೊನೆಯ ನಿಲ್ದಾಣ. ನೋಡುವ ಕ್ರಮ ಗೊತ್ತಿದ್ದರೆ, ಆ ಹಳಿಯನ್ನು ಕಿತ್ತುಹಾಕಿ ಅರವತ್ತು ವರ್ಷ ಕಳೆದಿದ್ದರೂ ಎಂಜಿನ್ನನ್ನು ನೋಡಿಯೇ ಅದು ಹೇಗಿತ್ತೆಂದು ಹೇಳಬಹುದು.

ಈ ಬರಹ ಆ ಕ್ರಮದ ಬಗ್ಗೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ, ಮಕ್ಕಳ ಮನೆಗೆಂದು ಹೋಗಿ ಎರಡು ತಿಂಗಳು ಇದ್ದು ಬರುವ ಹಿರಿಯರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಲ್ಲೇ ಇರುವವರು ಊಟಿಯ ರೈಲಿನಲ್ಲೋ ಮೈಸೂರಿನ ರೈಲು ಸಂಗ್ರಹಾಲಯದಲ್ಲೋ ಅಭ್ಯಾಸ ಮಾಡಬಹುದು. ಬೇಕಾಗುವುದು ಒಂದು ಪುಟ್ಟ ನೋಟ್‌ಪುಸ್ತಕ, ಮೊಬೈಲ್, ಎಂಜಿನ್ ನಿಂತಿರುವಾಗ ಸಿಗುವ ಹದಿನೈದು ನಿಮಿಷ.

ಮೊದಲು: ನೀರು ಎಲ್ಲಿದೆ?

ಉಗಿ ಎಂಜಿನ್ನಿಗೆ ಕಲ್ಲಿದ್ದಲಿಗಿಂತ ಹೆಚ್ಚು ಬೇಕಾಗುವುದು ನೀರು. ದೂರದ ಓಟದ ಎಂಜಿನ್ ಎರಡನ್ನೂ ಟೆಂಡರ್ ಎಂಬ ಹಿಂಬದಿಯ ಬಂಡಿಯಲ್ಲಿ ಹೊತ್ತು ತರುತ್ತದೆ. ಟ್ಯಾಂಕ್ ಎಂಜಿನ್ನಿಗೆ ಆ ಬಂಡಿ ಇಲ್ಲ. ನೀರೂ ಕಲ್ಲಿದ್ದಲೂ ಅದರ ಮೈಮೇಲೇ. ಆದ್ದರಿಂದ ಮೊದಲ ಪ್ರಶ್ನೆ ನೀರಿನ ತೊಟ್ಟಿ ಎಲ್ಲಿ ಕೂತಿದೆ ಎಂಬುದು. ನಾಲ್ಕು ಉತ್ತರಗಳಿವೆ.

ಬಾಯ್ಲರಿನ ಎರಡೂ ಪಕ್ಕದಲ್ಲಿ, ಕಾಲುಹಲಗೆಯ ಮಟ್ಟದಿಂದಲೇ ಎದ್ದ ಚೌಕ ಪೆಟ್ಟಿಗೆಗಳಿದ್ದರೆ ಅದು ಸೈಡ್ ಟ್ಯಾಂಕ್. ಬಾಯ್ಲರಿನ ಬೆನ್ನ ಮೇಲೆ ಕವುಚಿ ಕೂತಿದ್ದರೆ ಸ್ಯಾಡಲ್ ಟ್ಯಾಂಕ್. ಡಾರ್ಜಿಲಿಂಗ್‌ನ 'ಬಿ' ವರ್ಗದ ಎಂಜಿನ್ನುಗಳನ್ನು ಕಂಡವರಿಗೆ ಈ ಆಕಾರ ಗೊತ್ತು. ಹೇರೆತ್ತಿನ ಬೆನ್ನಿನ ಇಕ್ಕೆಲಗಳಲ್ಲಿ ಚೀಲ ತೂಗಿದಂತೆ ಬಾಯ್ಲರಿನ ಎರಡು ಬದಿಗೆ ತೊಟ್ಟಿಗಳು ಮೇಲೆಯೇ ನೇತಾಡುತ್ತಿದ್ದು, ಕೆಳಗೆ ಕೈ ತೂರಿಸುವಷ್ಟು ಖಾಲಿ ಜಾಗವಿದ್ದರೆ ಪ್ಯಾನಿಯರ್ ಟ್ಯಾಂಕ್. ಇದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಗುರುತು ಎನ್ನುವಷ್ಟು ಆ ಕಂಪನಿಗೆ ಅಂಟಿಕೊಂಡಿದೆ. ಆ ಖಾಲಿ ಜಾಗ ಚೆಂದಕ್ಕಾಗಿ ಬಿಟ್ಟದ್ದಲ್ಲ, ಚೌಕಟ್ಟಿನ ಒಳಗಿರುವ ಯಂತ್ರಭಾಗಗಳಿಗೆ ಎಣ್ಣೆ ಹಾಕಲು ಬಿಟ್ಟದ್ದು. ನಾಲ್ಕನೆಯದರಲ್ಲಿ ತೊಟ್ಟಿ ಕಣ್ಣಿಗೇ ಬೀಳುವುದಿಲ್ಲ. ಟೆಂಡರ್ ಇಲ್ಲ, ಪಕ್ಕದಲ್ಲೂ ಮೇಲೂ ಏನೂ ಇಲ್ಲ, ಬಾಯ್ಲರ್ ಬೋಳಾಗಿದೆ ಎಂದಾದರೆ ನೀರು ಗಾಲಿಗಳ ನಡುವೆ, ಚೌಕಟ್ಟಿನ ಒಳಗೆ ಅಡಗಿದೆ. ಇದು ವೆಲ್ ಟ್ಯಾಂಕ್. ನಮ್ಮ 1855ರ ಫೇರಿ ಕ್ವೀನ್ ಈ ಜಾತಿಯದೇ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ.

ತೊಟ್ಟಿ ಎಲ್ಲಿದ್ದರೂ ಒಂದು ಮಾತು ನೆನಪಿರಲಿ: ಆ ನೀರಿನ ತೂಕ ಗಾಲಿಗಳನ್ನು ಹಳಿಗೆ ಒತ್ತಿ ಹಿಡಿಯುತ್ತದೆ. ತೊಟ್ಟಿ ತುಂಬಿದಾಗ ಎಂಜಿನ್ನಿನ ಹಿಡಿತ ಚೆನ್ನಾಗಿರುತ್ತದೆ, ಖಾಲಿಯಾಗುತ್ತ ಹೋದಂತೆ ಗಾಲಿ ಜಾರಲು ಶುರುವಾಗುತ್ತದೆ. ಟೆರಿಯರ್ ಎಂಬ ಪುಟಾಣಿಯ ತೊಟ್ಟಿ ಹಿಡಿಯುವುದು 500 ಗ್ಯಾಲನ್, ಅಂದರೆ ಸುಮಾರು 2,270 ಲೀಟರ್ ಮಾತ್ರ. ಮಹಾನಗರದಿಂದ ಮಹಾನಗರಕ್ಕೆ ಓಡಲು ಅದು ಏನೇನೂ ಸಾಲದು. ಏಳು ಕಿಲೋಮೀಟರಿನ ಶಾಖಾ ಮಾರ್ಗಕ್ಕೆ ಧಾರಾಳ.

ಗಾಲಿ ಎಣಿಸಿ

ಎಂಜಿನ್ನಿನ ಒಂದು ಪಕ್ಕದಲ್ಲಿ ನಿಂತು ಮುಂದಿನಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಮುಂದಿರುವ ಪುಟ್ಟ ಗಾಲಿಗಳು, ಕಡ್ಡಿಯಿಂದ ಒಂದಕ್ಕೊಂದು ಜೋಡಿಸಿದ ದೊಡ್ಡ ಗಾಲಿಗಳು, ಹಿಂದಿರುವ ಪುಟ್ಟ ಗಾಲಿಗಳು. ಕಂಡದ್ದನ್ನು ಎರಡರಿಂದ ಗುಣಿಸಿ ಬರೆಯಿರಿ. 0-6-0 ಎಂದರೆ ಆರೂ ಗಾಲಿಗಳು ಎಳೆಯುವವು, ಮುಂದೆ ಹಿಂದೆ ಏನಿಲ್ಲ. 0-4-2 ಎಂದರೆ ನಾಲ್ಕು ಎಳೆಯುತ್ತವೆ, ಹಿಂದಿನ ಎರಡು ಕಲ್ಲಿದ್ದಲ ಗೂಡನ್ನು ಹೊರುತ್ತವೆ. ಕೊನೆಗೆ 'ಟಿ' ಸೇರಿಸಿದರೆ ಟ್ಯಾಂಕ್ ಎಂಜಿನ್. ಊಟಿ ರೈಲಿನ ಎಕ್ಸ್ ವರ್ಗದ ಎಂಜಿನ್ 0-8-2ಟಿ. ಮೆಟ್ಟುಪಾಳ್ಯದಲ್ಲೋ ಕೂನೂರಿನಲ್ಲೋ ಅದು ನಿಂತಾಗ ಎಣಿಸಿ ನೋಡಿ. ಆದರೆ ಅದನ್ನು ಈ ಲೇಖನದ ಪುಟ್ಟ ಎಂಜಿನ್ನುಗಳ ಸಾಲಿಗೆ ಸೇರಿಸಬೇಡಿ. ಹಲ್ಲುಹಳಿ ಹಿಡಿದು ಬೆಟ್ಟ ಹತ್ತುವ ಅದರ ಲೆಕ್ಕಾಚಾರವೇ ಬೇರೆ.

ಎಣಿಸುವಾಗ ಗಾಲಿಯ ಎತ್ತರವನ್ನೂ ನೋಡಿಕೊಳ್ಳಿ. ನಿಮ್ಮ ಎದೆಯ ಮಟ್ಟವೋ, ಗಲ್ಲದ ಮಟ್ಟವೋ? ಚಿಕ್ಕ ಗಾಲಿ ಹೊರಡುವಾಗ ಮತ್ತು ಏರಿನಲ್ಲಿ ಬಲ ಕೊಡುತ್ತದೆ, ದೊಡ್ಡ ಗಾಲಿ ಓಟ ಕೊಡುತ್ತದೆ. ಈ ಅಳತೆ ಮುಂದೆ ಲೆಕ್ಕಕ್ಕೆ ಬರುತ್ತದೆ.

ಅಚ್ಚಿನ ಮೇಲಿನ ಭಾರ

ಹಳಿಯನ್ನು ಮುರಿಯುವುದು ಎಂಜಿನ್ನಿನ ಒಟ್ಟು ತೂಕವಲ್ಲ, ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕ. ಒಟ್ಟು ತೂಕ ಸಾಮಾನ್ಯವಾಗಿ ಮಾಹಿತಿ ಫಲಕದಲ್ಲಿರುತ್ತದೆ. ಅದನ್ನು ಅಚ್ಚುಗಳ ಸಂಖ್ಯೆಯಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಎಲ್ಲ ಅಚ್ಚುಗಳ ಮೇಲೂ ಭಾರ ಸಮನಾಗಿರುವುದಿಲ್ಲ, ಹಾಗಾಗಿ ಇದು ಅಂದಾಜು ಮಾತ್ರ, ಆದರೂ ಸಾಕು.

ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಗಾಗಿ ವಿಲಿಯಂ ಸ್ಟ್ರೌಡ್ಲಿ ರೂಪಿಸಿದ ಎ1 ವರ್ಗದ ಎಂಜಿನ್ನನ್ನು ತೆಗೆದುಕೊಳ್ಳಿ. ಎಲ್ಲರ ಬಾಯಲ್ಲೂ ಇದು ಟೆರಿಯರ್. 1872ರಿಂದ 1880ರ ನಡುವೆ ಬ್ರೈಟನ್ ಕಾರ್ಯಾಗಾರದಲ್ಲಿ 50 ಎಂಜಿನ್ನುಗಳು ತಯಾರಾದವು. 0-6-0ಟಿ, ನಾಲ್ಕು ಅಡಿಯ ಗಾಲಿ, ಸುಮಾರು ಇಪ್ಪತ್ತೇಳೂವರೆ ಟನ್ ತೂಕ. ಮೂರು ಅಚ್ಚಿಗೆ ಹಂಚಿದರೆ ತಲಾ ಒಂಬತ್ತು ಟನ್ ಚಿಲ್ಲರೆ. ಹವಾಂಟ್‌ನಿಂದ ಹೇಲಿಂಗ್ ದ್ವೀಪಕ್ಕೆ ಹೋಗುತ್ತಿದ್ದ ನಾಲ್ಕೂವರೆ ಮೈಲಿಯ ಶಾಖಾ ಮಾರ್ಗದಲ್ಲಿ ಸಮುದ್ರದ ಕವಲಿಗೆ ಅಡ್ಡಲಾಗಿ ಲ್ಯಾಂಗ್‌ಸ್ಟನ್‌ನಲ್ಲಿ ಮರದ ಸೇತುವೆಯಿತ್ತು. ಅದರ ಮೇಲೆ ಭಾರದ ಕಟ್ಟುಪಾಡು ಎಷ್ಟು ಬಿಗಿಯಾಗಿತ್ತೆಂದರೆ, ಕಂಪನಿಗಳೆಲ್ಲ ಸರ್ಕಾರದ ಕೈಸೇರಿ ಬ್ರಿಟಿಷ್ ರೈಲ್ವೆಯಾದ ಕಾಲದಲ್ಲೂ ಅಲ್ಲಿ ಓಡಿದ್ದು ಟೆರಿಯರ್‌ಗಳೇ. 1963ರ ನವೆಂಬರ್ ತಿಂಗಳಲ್ಲಿ ಆ ಮಾರ್ಗ ಮುಚ್ಚಿತು, ಸೇತುವೆಯ ದುರಸ್ತಿ ಖರ್ಚನ್ನು ಮುಂದಿಟ್ಟು. ಅಲ್ಲಿಯವರೆಗೆ ತೊಂಬತ್ತು ವರ್ಷಕ್ಕೆ ಸಮೀಪದ ಎಂಜಿನ್ನುಗಳು ರಜೆಯ ಜನರನ್ನು ಕಡಲತಡಿಗೆ ಸಾಗಿಸುತ್ತಿದ್ದವು. ಹೊಸ ಎಂಜಿನ್ನುಗಳಿಗೆ ಕೊರತೆಯಿರಲಿಲ್ಲ, ಸೇತುವೆಗೆ ಹೊಂದುವ ಬೇರೆ ಎಂಜಿನ್ ಇರಲಿಲ್ಲ, ಅಷ್ಟೆ.

ಗ್ರೇಟ್ ವೆಸ್ಟರ್ನ್ ಎಂಜಿನ್ನುಗಳಲ್ಲಿ ಈ ಕೆಲಸ ಇನ್ನೂ ಸುಲಭ. ಚಾಲಕನ ಗೂಡಿನ ಪಕ್ಕದಲ್ಲಿ ಬಣ್ಣದ ದುಂಡು ಚುಕ್ಕೆ ಇದೆಯೇ ನೋಡಿ. ಕೆಂಪಾದರೆ ಭಾರದ ಎಂಜಿನ್, ಗಟ್ಟಿ ಹಳಿಗಳಿಗೆ ಮಾತ್ರ. ನೀಲಿ ಅದಕ್ಕಿಂತ ಕಡಿಮೆ, ಹಳದಿ ಇನ್ನೂ ಕಡಿಮೆ. ಚುಕ್ಕೆಯೇ ಇಲ್ಲದಿದ್ದರೆ ಅತಿ ಹಗುರ, ಎಲ್ಲಿಗೆ ಬೇಕಾದರೂ ಕಳುಹಿಸಬಹುದು. ಆ ಕಂಪನಿಯ 1400 ವರ್ಗದ ಪುಟ್ಟ ಎಂಜಿನ್ನಿಗೆ (ಅದರ ಪರಿಚಯ ಮುಂದಿದೆ) ಚುಕ್ಕೆ ಇಲ್ಲ.

ತಿರುವು: ಲೈಮ್ ರೀಜಿಸ್‌ನ ಪಾಠ

ಹಗುರವಾಗಿದ್ದರೆ ಮುಗಿಯಲಿಲ್ಲ. ಅಗ್ಗವಾಗಿ ಹಾಕಿದ ಶಾಖಾ ಮಾರ್ಗಗಳು ಗುಡ್ಡ ಕಡಿಯುವ ಬದಲು ಸುತ್ತಿಕೊಂಡು ಹೋಗುತ್ತವೆ. ಬಿಗಿಯಾದ ತಿರುವಿನಲ್ಲಿ ಮೊದಲ ಗಾಲಿಗೂ ಕೊನೆಯ ಗಾಲಿಗೂ ಇರುವ ಅಂತರವೇ ಶತ್ರು. ಆದ್ದರಿಂದ ನಾಲ್ಕನೆಯ ಹೆಜ್ಜೆಯಾಗಿ ಎಂಜಿನ್ನಿನ ತುದಿಗಳನ್ನು ನೋಡಿ. ಜೋಡಿಸಿದ ಗಾಲಿಗಳು ಒತ್ತೊತ್ತಾಗಿವೆಯೇ? ಪುಟ್ಟ ಗಾಲಿಗಳಿದ್ದರೆ ಅವುಗಳ ಚೌಕಟ್ಟು ಪಕ್ಕಕ್ಕೆ ಸರಿಯುವಂಥದ್ದೇ?

ಇದನ್ನು ಅರ್ಥ ಮಾಡಿಕೊಳ್ಳಲು ಡಾರ್ಸೆಟ್‌ನ ಲೈಮ್ ರೀಜಿಸ್ ಶಾಖೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1903ರಲ್ಲಿ ತೆರೆದ ಈ ಮಾರ್ಗದಲ್ಲಿ 40ಕ್ಕೆ 1ರ ಏರು, ಜೊತೆಗೆ ಮೇಲಿಂದ ಮೇಲೆ ಬಿಗಿ ತಿರುವುಗಳು. ಅದನ್ನು ನಡೆಸುತ್ತಿದ್ದ ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಗೆ ಮೊದಲು ಹೊಳೆದದ್ದು ಟೆರಿಯರ್. ನೆರೆಯ ಕಂಪನಿಯಿಂದ ಎರಡನ್ನು ಕೊಂಡು ತಂದರು. ತಿರುವಿಗೆ ಅವು ಸರಿಹೋದವು, ಬಲ ಸಾಲಲಿಲ್ಲ. ಬೇಸಿಗೆಯಲ್ಲಿ ಸಮುದ್ರಸ್ನಾನಕ್ಕೆ ಬರುವ ಜನರಿಂದ ಬೋಗಿಗಳು ಹೆಚ್ಚಾದಾಗ ಏದುಸಿರು ಬಿಟ್ಟವು. ಅನಂತರ ಓ2 ವರ್ಗದ 0-4-4ಟಿ ಬಂದವು. ಬಲ ಸಾಕಾಯಿತು, ಆದರೆ ಈ ತಿರುವುಗಳಲ್ಲಿ ಗಾಲಿಯೂ ಹಳಿಯೂ ಸವೆಯತೊಡಗಿದವು. ಕಡೆಗೆ ಉತ್ತರ ಸಿಕ್ಕಿದ್ದು ಅದೇ ಕಂಪನಿಯ ಎಂಜಿನಿಯರ್ ವಿಲಿಯಂ ಆಡಮ್ಸ್ 1882–85ರ ಅವಧಿಯಲ್ಲಿ ಮಾಡಿಸಿದ್ದ 4-4-2ಟಿ ಎಂಜಿನ್ನುಗಳಲ್ಲಿ. ಮುಂದಿನ ನಾಲ್ಕು ಪುಟ್ಟ ಗಾಲಿಗಳ ಚೌಕಟ್ಟು ತಿರುಗುತ್ತದೆ, ಹಿಂದಿನ ಜೋಡಿ ಗಾಲಿಯ ಅಚ್ಚುಪೆಟ್ಟಿಗೆ ಕಮಾನಿನ ಹಾದಿಯಲ್ಲಿ ಪಕ್ಕಕ್ಕೆ ಸರಿಯುತ್ತದೆ. ಉದ್ದವಾದ ಎಂಜಿನ್ ಹೀಗೆ ಮೈ ಬಳುಕಿಸಿ ತಿರುವು ದಾಟುತ್ತದೆ. ಈ ವರ್ಗದ 71ರಲ್ಲಿ ಉಳಿದೆಲ್ಲವೂ ಗುಜರಿಗೆ ಹೋದ ಎಷ್ಟೋ ವರ್ಷಗಳ ಮೇಲೂ, ಮೂರು ಮಾತ್ರ ಲೈಮ್ ರೀಜಿಸ್ ಒಂದಕ್ಕಾಗಿ 1961ರವರೆಗೆ ದುಡಿದವು. ಅವುಗಳಲ್ಲಿ 488 ಸಂಖ್ಯೆಯದು ಈಗ ಬ್ಲೂಬೆಲ್ ರೈಲ್ವೆ ಎಂಬ ಪಾರಂಪರಿಕ ಮಾರ್ಗದಲ್ಲಿದೆ. ಅದರ ಹಿಂಬದಿಯ ಗಾಲಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಎಪ್ಪತ್ತೊಂದು ಎಂಜಿನ್ನುಗಳ ನಡುವೆ ಅದನ್ನು ಉಳಿಸಿದ ಯುಕ್ತಿ ಅಲ್ಲೇ ಇದೆ.

ಕಾರ್ನ್‌ವಾಲ್‌ನ ವೆನ್‌ಫರ್ಡ್ ಬ್ರಿಜ್ ಮಾರ್ಗದ ಕತೆ ಇದಕ್ಕಿಂತ ಹಳೆಯ ಎಂಜಿನ್ನುಗಳದು. ಪಿಂಗಾಣಿ ಮಣ್ಣು ಸಾಗಿಸುವ ಆ ಸಾಮಾನು ಮಾರ್ಗದಲ್ಲಿ ಹಳಿ ಹಗುರ, ತಿರುವು ಬಿಗಿ. ಲಂಡನ್ ಅಂಡ್ ಸೌತ್ ವೆಸ್ಟರ್ನ್ ಕಂಪನಿಯ ಎಂಜಿನಿಯರ್ ಬೀಟಿಯ 2-4-0 ವೆಲ್ ಟ್ಯಾಂಕ್‌ಗಳು 1863ರಿಂದ 1875ರವರೆಗೆ 85 ತಯಾರಾಗಿದ್ದವು. ಅವುಗಳ ಕೊನೆಯ ಮೂರು ಈ ಒಂದು ಮಾರ್ಗಕ್ಕಾಗಿಯೇ 1962ರವರೆಗೆ ಬದುಕಿದವು. ಅವುಗಳ ಜಾಗಕ್ಕೆ ಬಂದದ್ದು ಗ್ರೇಟ್ ವೆಸ್ಟರ್ನ್‌ನ 1366 ವರ್ಗದ ಪ್ಯಾನಿಯರ್ ಟ್ಯಾಂಕ್, ಗಾಲಿಗಳನ್ನು ತೀರ ಹತ್ತಿರ ಹತ್ತಿರ ಇಟ್ಟು ಬಂದರುಕಟ್ಟೆಗಳ ತಿರುವುಗಳಿಗೆ ಅಳೆದು ಮಾಡಿದ್ದು.

ಇಲ್ಲಿ ಒಂದು ಸಂಗತಿ ಗಮನಿಸಿ. ಟೆರಿಯರ್ ಹುಟ್ಟಿದ್ದು ಲಂಡನ್ನಿನ ಉಪನಗರ ರೈಲುಗಳಿಗೆ. ಆಡಮ್ಸ್‌ನ 4-4-2ಟಿ ಕೂಡ ಹಾಗೆಯೇ, ಬೀಟಿಯ ವೆಲ್ ಟ್ಯಾಂಕೂ ಹಾಗೆಯೇ. ನಗರದ ಜನ ಹೆಚ್ಚಿ ರೈಲುಗಳು ಉದ್ದವಾದಾಗ ಇವು ಅಲ್ಲಿ ಬೇಡವಾದವು. ಗ್ರಾಮಾಂತರದ ಶಾಖೆಗಳು ಅವನ್ನು ಬರಮಾಡಿಕೊಂಡದ್ದು ಹಳತೆಂಬ ಕನಿಕರದಿಂದಲ್ಲ, ತಮ್ಮ ಹಳಿಗೆ ಅಳತೆ ಸರಿಹೊಂದಿತೆಂದು. ಹಾಗಾಗಿ ಫಲಕದಲ್ಲಿ 'ಶಾಖಾ ಮಾರ್ಗದ ಎಂಜಿನ್' ಎಂದು ಬರೆದಿದ್ದರೆ ತಯಾರಾದ ವರ್ಷವನ್ನೂ ಮೊದಲ ಕೆಲಸವನ್ನೂ ಹುಡುಕಿ. ಕೆಲವು ನಿಜಕ್ಕೂ ಶಾಖೆಗೆಂದೇ ಹುಟ್ಟಿದವು ಇವೆ, ಅವು ಮುಂದೆ ಬರುತ್ತವೆ.

ಬಲದ ಲೆಕ್ಕ

ಲೆಕ್ಕ ಬೇಡವೆನ್ನುವವರು ಈ ಭಾಗ ದಾಟಬಹುದು, ಆದರೆ ಮೊಬೈಲಿನಲ್ಲೇ ಅರ್ಧ ನಿಮಿಷದ ಕೆಲಸ. ಎರಡು ಸಿಲಿಂಡರಿನ ಎಂಜಿನ್ನಿಗೆ ಬ್ರಿಟಿಷ್ ಅಳತೆಯಲ್ಲಿ ಹೀಗೆ ಮಾಡಿ. ಬಾಯ್ಲರ್ ಒತ್ತಡವನ್ನು 0.85ರಿಂದ ಗುಣಿಸಿ. ಅದನ್ನು ಸಿಲಿಂಡರ್ ವ್ಯಾಸದ ವರ್ಗದಿಂದ ಗುಣಿಸಿ, ಮತ್ತೆ ಪಿಸ್ಟನ್ ಓಡುವ ಉದ್ದದಿಂದ ಗುಣಿಸಿ. ಬಂದದ್ದನ್ನು ಎಳೆಯುವ ಗಾಲಿಯ ವ್ಯಾಸದಿಂದ ಭಾಗಿಸಿ. ಉದ್ದವೆಲ್ಲ ಅಂಗುಲದಲ್ಲಿ, ಒತ್ತಡ ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಇರಬೇಕು. ಉತ್ತರ ಪೌಂಡ್‌ಗಳಲ್ಲಿ ಬರುತ್ತದೆ.

1400 ವರ್ಗಕ್ಕೆ ಮಾಡೋಣ. ಒತ್ತಡ 165, ಸಿಲಿಂಡರ್ 16 ಅಂಗುಲ, ಓಟ 24, ಗಾಲಿ 62 ಅಂಗುಲ. 0.85 × 165 × 256 × 24 ÷ 62 = ಸುಮಾರು 13,900 ಪೌಂಡ್ ಎಳೆತ. ಟೆರಿಯರ್‌ನ ಸಿಲಿಂಡರ್ ಅಳತೆ ಒಂದೊಂದರಲ್ಲಿ ಒಂದೊಂದು ಥರ. ಒತ್ತಡ 150, ಸಿಲಿಂಡರ್ 12 ಅಂಗುಲ, ಓಟ 20, ಗಾಲಿ 48 ಎಂದಿಟ್ಟುಕೊಂಡರೆ 7,650 ಪೌಂಡ್. ಲೈಮ್ ರೀಜಿಸ್‌ನ ಏರಿನಲ್ಲಿ ಟೆರಿಯರ್ ಏಕೆ ಸೋತಿತೆಂದು ಇನ್ನು ಯಾರೂ ವಿವರಿಸಬೇಕಿಲ್ಲ.

ಇನ್ನೊಂದು ಹೆಜ್ಜೆ ಉಂಟು. ಎಳೆಯುವ ಗಾಲಿಗಳ ಮೇಲಿನ ಭಾರವನ್ನು ಪೌಂಡಿಗೆ ತಂದು (ಒಂದು ಬ್ರಿಟಿಷ್ ಟನ್ನಿಗೆ 2,240) ಎಳೆತದಿಂದ ಭಾಗಿಸಿ. 1400ರಲ್ಲಿ ಎಳೆಯುವ ಎರಡು ಅಚ್ಚುಗಳ ಮೇಲೆ ಸುಮಾರು 28 ಟನ್, ಉತ್ತರ ನಾಲ್ಕೂವರೆ. ನಾಲ್ಕಕ್ಕಿಂತ ಹೆಚ್ಚಿದ್ದರೆ ಒಣ ಹಳಿಯಲ್ಲಿ ಗಾಲಿ ಜಾರದೆ ಹಿಡಿಯುತ್ತದೆಂದು ನಂಬಬಹುದು. ಕಡಿಮೆಯಿದ್ದರೆ ಚಾಲಕ, ಗಾಲಿ ಜಾರದಂತೆ ಹಳಿಗೆ ಮರಳು ಉದುರಿಸುವ ಕೊಳವೆಯನ್ನು ಆಗಾಗ ನೆನೆಯಬೇಕಾಗುತ್ತದೆ. ಗಾಲಿಯ ಮುಂದೆ ಹಳಿಗೆ ತೀರ ಹತ್ತಿರವಾಗಿ ಬಾಗಿರುವ ಸಣ್ಣ ಕೊಳವೆ ಅದೇ, ಹುಡುಕಿ.

ಕೊನೆಯ ನಿಲ್ದಾಣದಲ್ಲಿ ಏನಾಗುತ್ತದೆ?

ರೈಲಿನಿಂದ ಇಳಿದ ಕೂಡಲೇ ಚಹಾ ಅಂಗಡಿಗೆ ಓಡಬೇಡಿ. ಎಂಜಿನ್ನಿನ ಕಡೆಗೆ ನಡೆಯಿರಿ. ಅದು ಬೋಗಿಗಳಿಂದ ಕಳಚಿಕೊಂಡು, ಪಕ್ಕದ ಹಳಿಯಲ್ಲಿ ಇಡೀ ರೈಲನ್ನು ಬಳಸಿ ಬಂದು ಇನ್ನೊಂದು ತುದಿಗೆ ಸೇರಿಕೊಳ್ಳುತ್ತದೆ. ಟೆಂಡರ್ ಎಂಜಿನ್ನಿಗೆ ಮುಖ ತಿರುಗಿಸಲು ದೊಡ್ಡ ತಿರುಗುಮಂಚ ಬೇಕು. ಟ್ಯಾಂಕ್ ಎಂಜಿನ್ನಿಗೆ ಅದರ ಹಂಗಿಲ್ಲ, ಹಿಂದುಮುಂದಾಗಿಯೂ ಅಷ್ಟೇ ಸಲೀಸಾಗಿ ಓಡುತ್ತದೆ. ಕಡಿಮೆ ಖರ್ಚಿನ ಶಾಖೆಗೆ ಇದು ದೊಡ್ಡ ಉಳಿತಾಯ.

ಈ ಬಳಸುವ ಕೆಲಸವನ್ನೂ ಉಳಿಸುವ ಉಪಾಯವೊಂದನ್ನು ಗ್ರೇಟ್ ವೆಸ್ಟರ್ನ್ ಬಹುವಾಗಿ ಬಳಸಿತು. ಅದರ ಹೆಸರು ಆಟೊಟ್ರೇನ್. ಆ ಕಂಪನಿಯ ಎಂಜಿನಿಯರ್ ಸಿ. ಬಿ. ಕಾಲೆಟ್ 1932ರಿಂದ 1936ರವರೆಗೆ ಮಾಡಿಸಿದ 75 ಎಂಜಿನ್ನುಗಳ ವರ್ಗವೊಂದಿದೆ: 0-4-2ಟಿ, ಮೊದಲು 4800, 1946ರಿಂದ 1400. ಶಾಖೆಗೆಂದೇ ಹುಟ್ಟಿದವು ಇವೆ ಎಂದೆನಲ್ಲ, ಅವು ಇವೇ. ಹೋಗುವಾಗ ಎಂಜಿನ್ ಎಳೆಯುತ್ತದೆ, ಬರುವಾಗ ತಳ್ಳುತ್ತದೆ. ತಳ್ಳುವಾಗ ಚಾಲಕ ಎಂಜಿನ್ನಿನಲ್ಲಿ ಇರುವುದಿಲ್ಲ, ಬೋಗಿಯ ತುದಿಯ ಪುಟ್ಟ ಕೋಣೆಯಲ್ಲಿ ನಿಂತಿರುತ್ತಾನೆ. ಬೋಗಿಯ ಅಡಿಯಲ್ಲಿ ಹಾದುಹೋಗುವ ಸರಳುಗಳ ಮೂಲಕ ಅಲ್ಲಿಂದಲೇ ಉಗಿಯನ್ನು ಬಿಗಿ ಸಡಿಲ ಮಾಡುತ್ತಾನೆ. ಎಂಜಿನ್ನಿನಲ್ಲಿ ಉಳಿದ ಫೈರ್‌ಮನ್ ಬೆಂಕಿ, ನೀರು ನೋಡಿಕೊಳ್ಳುತ್ತಾನೆ. ಇಬ್ಬರ ನಡುವೆ ಮಾತುಕತೆ ಗಂಟೆಯ ಸದ್ದಿನಲ್ಲಿ. ಸರಳುಗಳ ಕೀಲುಗಳಲ್ಲಿ ಸಡಿಲಿರುವುದರಿಂದ ಎಂಜಿನ್ನಿನ ಒಂದು ಬದಿಗೆ ಎರಡಕ್ಕಿಂತ ಹೆಚ್ಚು ಇಂಥ ಬೋಗಿ ಜೋಡಿಸುತ್ತಿರಲಿಲ್ಲ. ನಾಲ್ಕು ಬೋಗಿ ಬೇಕಾದರೆ ಎಂಜಿನ್ ನಡುವೆ, ಆಚೆ ಎರಡು, ಈಚೆ ಎರಡು. ಡಿಡ್‌ಕಾಟ್‌ನ ರೈಲು ಕೇಂದ್ರದಲ್ಲಿ ಇರುವ ಈ ವರ್ಗದ 1466ರ ತುದಿಗಳಲ್ಲಿ ಬಾಗಿ ನೋಡಿದರೆ ಈ ಜೋಡಣೆ ಕಾಣುತ್ತದೆ. ಗಾಲಿ 5 ಅಡಿ 2 ಅಂಗುಲವಿರುವುದರಿಂದ ಟೆರಿಯರ್‌ಗಿಂತ ಓಟಗಾರ ಇದು.

ಸಂಖ್ಯೆ, ಹೆಸರು

ಎಂಜಿನ್ನಿನ ಹೆಸರು ಬಣ್ಣ ನೋಡಿ ಮರುಳಾಗಬೇಡಿ, ಅವು ಬದಲಾಗುತ್ತಲೇ ಇರುತ್ತವೆ. ಟೆರಿಯರ್‌ಗಳಿಗೆ ಸ್ಟ್ರೌಡ್ಲಿ ಲಂಡನ್ ಸುತ್ತಮುತ್ತಲ ಜಾಗಗಳ ಹೆಸರಿಟ್ಟ: ಸ್ಟೆಪ್ನಿ, ಪಾಪ್ಲರ್, ಫೆನ್‌ಚರ್ಚ್, ವಾಪಿಂಗ್. ಕೈ ಬದಲಾದಂತೆ ಹೆಸರೂ ಬದಲಾಯಿತು. ಬ್ರಿಟಿಷ್ ರೈಲ್ವೆಯ ಐದಂಕಿಯ ಸಂಖ್ಯೆ ಗೊತ್ತಿದ್ದರೆ ಒಂದು ಸುಲಭ ಉಪಾಯವಿದೆ. ಅದರ ಕೊನೆಯ ಎರಡಂಕಿಯೇ ಸಾಮಾನ್ಯವಾಗಿ ಬ್ರೈಟನ್ ಕಂಪನಿ ಕೊಟ್ಟ ಮೂಲ ಸಂಖ್ಯೆ. 32655ರಲ್ಲಿ 55, ಅಂದರೆ ಸ್ಟೆಪ್ನಿ. 32670ರಲ್ಲಿ 70, ಅಂದರೆ ಪಾಪ್ಲರ್. 1901ರಲ್ಲಿ ಕೆಂಟ್‌ನ ಪುಟ್ಟ ರೈಲ್ವೆಯೊಂದು ಕೊಂಡು ಬೋಡಿಯಂ ಎಂದು ಮರುನಾಮಕರಣ ಮಾಡಿದ್ದು. ಫೆನ್‌ಚರ್ಚ್ ಮಾತ್ರ ಹಟಮಾರಿ: ಮೂಲ ಸಂಖ್ಯೆ 72, ಬ್ರಿಟಿಷ್ ರೈಲ್ವೆಯಲ್ಲಿ 32636.

46ನೆಯ ಸಂಖ್ಯೆಯ ನ್ಯೂಯಿಂಗ್ಟನ್ ಎಂಬ ಎಂಜಿನ್ನಿನ ಜಾತಕವನ್ನು ಹೇಳದೆ ಮುಂದೆ ಹೋಗಲಾರೆ. ಲೈಮ್ ರೀಜಿಸ್‌ಗೆ ಕೊಂಡು ತಂದ ಎರಡರಲ್ಲಿ ಇದು ಒಂದು. ಅಲ್ಲಿ ಸೋತ ಮೇಲೆ ಐಲ್ ಆಫ್ ವೈಟ್ ದ್ವೀಪದ ಚಿಕ್ಕ ಕಂಪನಿಯ ಕೈ ಸೇರಿತು, ಆಮೇಲೆ ಫ್ರೆಶ್‌ವಾಟರ್ ಎಂಬ ಹೆಸರು ಪಡೆಯಿತು. ಮುಂದೆ 32646 ಆಗಿ ಹೇಲಿಂಗ್ ಶಾಖೆಯಲ್ಲಿ ದುಡಿಯಿತು. ಅದೂ ಮುಚ್ಚಿದ ಮೇಲೆ ಹೇಲಿಂಗ್ ದ್ವೀಪದ ಪಬ್ ಒಂದರ ಹೊರಗೆ ಗುರುತುಫಲಕದ ಬದಲು ಇದನ್ನೇ ನಿಲ್ಲಿಸಿದರು. 1979ರಲ್ಲಿ ಅಲ್ಲಿಂದ ಬಿಡುಗಡೆಯಾಗಿ ಮತ್ತೆ ಐಲ್ ಆಫ್ ವೈಟ್‌ಗೆ ಬಂದು, ದುರಸ್ತಿಯಾಗಿ ಓಡಿತು. ಹಗುರವಾಗಿದ್ದುದೇ ಅದರ ಜೀವ ಉಳಿಸಿತು. ಎಲ್ಲಿಗೂ ಸಾಗಿಸಬಹುದು, ಯಾವ ಹಳಿಯಲ್ಲೂ ನಿಲ್ಲಿಸಬಹುದು, ಎಷ್ಟು ಬಡ ಕಂಪನಿಯಾದರೂ ಸಾಕಬಹುದು.

ಬಡ ಕಂಪನಿಗಳ ಮಾತು ಬಂದರೆ ಹೋಲ್ಮನ್ ಫ್ರೆಡ್ ಸ್ಟೀಫನ್ಸ್ ಹೆಸರು ಬರಲೇಬೇಕು. 1896ರ ಲಘು ರೈಲ್ವೆ ಕಾಯಿದೆ, ಕಡಿಮೆ ಖರ್ಚಿನಲ್ಲಿ ಸರಳ ಸಿಗ್ನಲ್, ಹಗುರ ಹಳಿ, ಗಂಟೆಗೆ ಸಾಮಾನ್ಯವಾಗಿ 25 ಮೈಲಿಯ ಮಿತಿಯೊಂದಿಗೆ ಹಳ್ಳಿಗಾಡಿಗೆ ರೈಲು ಹಾಕಲು ದಾರಿ ಮಾಡಿಕೊಟ್ಟಿತು. ಸ್ಟೀಫನ್ಸ್ ಇಂಥ ಹಲವು ಮಾರ್ಗಗಳನ್ನು ಟನ್‌ಬ್ರಿಜ್‌ನ ಒಂದು ಮನೆಯಿಂದಲೇ ನಡೆಸಿದ. 1900ರಲ್ಲಿ ತೆರೆದ, ಈಗ ಕೆಂಟ್ ಅಂಡ್ ಈಸ್ಟ್ ಸಸೆಕ್ಸ್ ರೈಲ್ವೆ ಎಂದು ಹೆಸರಾದ ಮಾರ್ಗ ಅವುಗಳಲ್ಲಿ ಒಂದು. ಅಲ್ಲಿಗೆ ಮೊದಲು ಬಂದವು ಹಾಥಾರ್ನ್ ಲೆಸ್ಲಿ ಕಂಪನಿಯ ಎರಡು ಹೊಸ 2-4-0ಟಿ ಎಂಜಿನ್ನುಗಳು, ಆಮೇಲೆ ಹಳೆಯ ಟೆರಿಯರ್‌ಗಳು.

ಕಣ್ಣು ಮುಚ್ಚಿ ಕೇಳಿ

ರೈಲು ಹೊರಡುವಾಗ ಎಂಜಿನ್ನಿಗೆ ಹತ್ತಿರದ ಬೋಗಿಯಲ್ಲಿ ಕೂತುಕೊಳ್ಳಿ. ಎರಡು ಸಿಲಿಂಡರಿನ ಎಂಜಿನ್ ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ಉಸಿರುಬಿಡುತ್ತದೆ. ಟೆರಿಯರ್ ಗಾಲಿಯ ಸುತ್ತಳತೆ ಸುಮಾರು 3.8 ಮೀಟರ್. ಐದು ಸೆಕೆಂಡಿನಲ್ಲಿ ಹದಿನಾರು ಉಸಿರು ಎಣಿಸಿದರೆ ನಾಲ್ಕು ಸುತ್ತು, ಹದಿನೈದು ಮೀಟರ್ ಚಿಲ್ಲರೆ, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹನ್ನೆರಡರ ಹತ್ತಿರ ಬರುತ್ತದೆ, ಆಗ ಎಣಿಕೆ ಬಿಟ್ಟುಬಿಡಿ. ನಾಲ್ಕು ಉಸಿರುಗಳ ನಡುವಿನ ಅಂತರ ಸಮನಾಗಿಲ್ಲ, ಒಂದು ಕುಂಟುತ್ತಿದೆ ಎನಿಸಿದರೆ ಕವಾಟಗಳ ಹೊಂದಾಣಿಕೆ ಸ್ವಲ್ಪ ಆಚೀಚೆಯಾಗಿದೆ ಎಂದರ್ಥ. ಚಾಲಕನಿಗೆ ಹೇಳಲು ಹೋಗಬೇಡಿ, ಅವನಿಗೆ ಗೊತ್ತಿರುತ್ತದೆ.

ನಿಂತಾಗಲೂ 'ಧಕ್, ಧಕ್' ಎಂದು ಬಡಿಯುವ ಸದ್ದು ಕೇಳಿದರೆ ಅದು ಗಾಳಿ ಒತ್ತುವ ಪಂಪು, ವೆಸ್ಟಿಂಗ್‌ಹೌಸ್ ಬ್ರೇಕಿಗಾಗಿ. ಬ್ರೈಟನ್ ಕಂಪನಿಯ ಎಂಜಿನ್ನುಗಳಲ್ಲೂ ಐಲ್ ಆಫ್ ವೈಟ್‌ನ ಎಂಜಿನ್ನುಗಳಲ್ಲೂ ಇದು ಇರುತ್ತದೆ. ಗ್ರೇಟ್ ವೆಸ್ಟರ್ನ್ ನಿರ್ವಾತ ಬ್ರೇಕ್ ಬಳಸಿತು, ಅಲ್ಲಿ ಈ ಬಡಿತವಿಲ್ಲ.

ಎಲ್ಲಿಗೆ ಹೋಗಬೇಕು

ಲಂಡನ್ನಿನಿಂದ ಅತಿ ಸುಲಭ ಬ್ಲೂಬೆಲ್ ರೈಲ್ವೆ. ವಿಕ್ಟೋರಿಯಾದಿಂದ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಬಂದು ಇಳಿದರೆ ನಾಲ್ಕು ಹೆಜ್ಜೆಯಲ್ಲಿ ಬ್ಲೂಬೆಲ್ ನಿಲ್ದಾಣ. ಸ್ಟೆಪ್ನಿ, ಫೆನ್‌ಚರ್ಚ್, 488 ಮೂರೂ ಇಲ್ಲಿನವು. ಜೊತೆಗೆ 1909–10ರಲ್ಲಿ ವೇನ್‌ರೈಟ್ ಎಂಬ ಎಂಜಿನಿಯರ್ ಟೆರಿಯರ್‌ನ ಮಾದರಿಯಲ್ಲಿ ಮಾಡಿಸಿದ ಪಿ ವರ್ಗದ ಎಂಜಿನ್ನುಗಳೂ ಇವೆ, ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಸಮಯ ಕಡಿಮೆಯಿದ್ದರೆ ಡಿಡ್‌ಕಾಟ್ ಒಳ್ಳೆಯದು. ಪ್ಯಾಡಿಂಗ್‌ಟನ್‌ನಿಂದ ಡಿಡ್‌ಕಾಟ್ ಪಾರ್ಕ್‌ವೇಗೆ ಬಂದರೆ ರೈಲು ಕೇಂದ್ರದ ಬಾಗಿಲು ನಿಲ್ದಾಣದಲ್ಲೇ ಇದೆ. ಇಡೀ ದಿನ ಕೊಡಬಲ್ಲವರಿಗೆ ನನ್ನ ಶಿಫಾರಸು ಐಲ್ ಆಫ್ ವೈಟ್. ಪೋರ್ಟ್ಸ್‌ಮತ್‌ನಿಂದ ದೋಣಿಯಲ್ಲಿ ರೈಡ್‌ಗೆ, ಅಲ್ಲಿಂದ ದ್ವೀಪದ ವಿದ್ಯುತ್ ರೈಲಿನಲ್ಲಿ ಸ್ಮಾಲ್‌ಬ್ರೂಕ್ ಜಂಕ್ಷನ್‌ಗೆ. ಅದೇ ಪ್ಲಾಟ್‌ಫಾರಂ ದಾಟಿದರೆ ಉಗಿಬಂಡಿ. ಲೈಮ್ ರೀಜಿಸ್‌ಗೆ ಒಗ್ಗದ ಓ2 ವರ್ಗ ಈ ದ್ವೀಪದಲ್ಲಿ 1966ರ ಡಿಸೆಂಬರ್ 31ರವರೆಗೆ ಪ್ರಯಾಣಿಕರ ರೈಲುಗಳನ್ನು ಎಳೆಯಿತು, ಅವುಗಳಲ್ಲಿ ಉಳಿದ ಒಂದೇ ಒಂದು, ಕಾಲ್‌ಬರ್ನ್, ಈ ಉಗಿಬಂಡಿ ಮಾರ್ಗದ ಹೇವನ್‌ಸ್ಟ್ರೀಟ್ ನಿಲ್ದಾಣದಲ್ಲಿದೆ. ಕೆನಡಾದ ಕನ್ನಡಿಗರಿಗೂ ಒಂದು ಟೆರಿಯರ್ ಸಿಗುತ್ತದೆ: ವ್ಯಾಡನ್, ಮಾಂಟ್ರಿಯಲ್ ಬಳಿಯ ರೈಲು ಸಂಗ್ರಹಾಲಯದಲ್ಲಿ.

ಹೊರಡುವ ಮುನ್ನ ಆ ದಿನ ಯಾವ ಎಂಜಿನ್ ಓಡುತ್ತದೆಂದು ಆಯಾ ರೈಲ್ವೆಯ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಬಾಯ್ಲರ್ ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ ಹತ್ತು ವರ್ಷ. ಮುಗಿದ ಮೇಲೆ ಎಂಜಿನ್ ವರ್ಷಗಟ್ಟಲೆ ಬಿಚ್ಚಿಟ್ಟ ಸ್ಥಿತಿಯಲ್ಲಿ ಇರಬಹುದು. ಎಂಜಿನ್ ಸಿಬ್ಬಂದಿಯಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು, ಮಾತಿಗೆ ಸಿಗುತ್ತಾರೆ. ನೀರು ತುಂಬಿಸುವಾಗ ಕೇಳಿದರೆ ಸಂತೋಷದಿಂದ ಉತ್ತರಿಸುತ್ತಾರೆ, ಬೋಗಿ ಜೋಡಿಸುವಾಗ ಕೇಳಬೇಡಿ. ಬಿಳಿ ಬಟ್ಟೆ ಬೇಡ. ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿ, ಕಲ್ಲಿದ್ದಲ ಕಿಡಿ ಕಣ್ಣಿಗೆ ಬಿದ್ದರೆ ಆ ದಿನ ಅಲ್ಲಿಗೆ ಮುಗಿಯುತ್ತದೆ. ಮತ್ತೆ, ಪುಟ್ಟ ಎಂಜಿನ್ ಓಡುವ ದಿನ ಬೋಗಿಗಳೂ ಕಡಿಮೆ ಇರಬಹುದು. ಟಿಕೆಟ್ ಮುಂಗಡವಾಗಿ ಕಾದಿರಿಸಿಕೊಳ್ಳಿ.